4 ಜಿಬಿ ಅಂದರೆ 4 ಜಿಬಿ ಅಲ್ಲ: ಹಳೆ ಲ್ಯಾಪ್‌ಟಾಪಿನ ರ‍್ಯಾಮ್ ಪುರಾಣ

ಕೊನೆಗೂ ಬೂಟ್ ಆಯಿತು! ಎರಡೂ ಸ್ಲಾಟ್ ತುಂಬಿ 8 ಜಿಬಿ ಪೂರ್ತಿ ಕಾಣಿಸುತ್ತಿದೆ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ರಾತ್ರಿಯಿಡೀ ಓಡಿ ಒಂದೂ ಕೆಂಪು ಸಾಲು ತೋರಿಸಿಲ್ಲ. ಎಸ್‌ಎಸ್‌ಡಿ ಹಾಕಿದ್ದು, ಫ್ಯಾನಿನ ಧೂಳು ತೆಗೆದದ್ದು, ಥರ್ಮಲ್ ಪೇಸ್ಟ್ ಬಳಿದದ್ದು, ಇವೆಲ್ಲ ನೀವೂ ಮಾಡಿರುತ್ತೀರಿ, ಅದನ್ನೇ ಮತ್ತೆ ಕೊರೆಯುವುದಿಲ್ಲ. ಈ ಸಲ ಬರೆಯುವುದೆಲ್ಲ ಎರಡು ರ‍್ಯಾಮ್ ಸ್ಟಿಕ್‌ಗಳು ನನ್ನನ್ನು ಆಟ ಆಡಿಸಿದ ಬಗ್ಗೆ.

ಯಂತ್ರ 2010ರದ್ದು. ಇಂಟೆಲ್‌ನ ಮೊದಲ ತಲೆಮಾರಿನ ಕೋರ್ ಐ5, ಅಂದರೆ ಅರಾಂಡೇಲ್. ರ‍್ಯಾಮ್ ಡಿಡಿಆರ್3 ಜಾತಿಯದ್ದು, ಎರಡು ಸ್ಲಾಟ್, ಬಂದಾಗಿನಿಂದ ಇದ್ದದ್ದು 2+2 ಜಿಬಿ. ಇಷ್ಟು ಹಳೆಯದನ್ನು ಯಾಕೆ ಕಟ್ಟಿಕೊಂಡು ಒದ್ದಾಡುತ್ತೀಯ ಅಂತ ಕೇಳುವವರಿಗೆ ಒಂದೇ ಉತ್ತರ: ಕೀಬೋರ್ಡ್. ಈಗಿನ ತೆಳ್ಳನೆ ಯಂತ್ರಗಳಲ್ಲಿ ಟೈಪ್ ಮಾಡುವುದಕ್ಕಿಂತ ಬರೀ ಮೇಜಿನ ಮೇಲೆ ಬೆರಳು ಕುಟ್ಟುವುದೇ ವಾಸಿ. ಬ್ರೌಸರ್ ತೆರೆದ ಕೂಡಲೇ ಸ್ವಾಪ್ (ರ‍್ಯಾಮ್ ಸಾಲದೆ ಡಿಸ್ಕನ್ನೇ ಬಳಸುವುದು) ಶುರುವಾಗುತ್ತದೆ ಅನ್ನುವುದು ಬಿಟ್ಟರೆ ಇದಕ್ಕೆ ಬೇರೆ ಖಾಯಿಲೆ ಇರಲಿಲ್ಲ. ಝಡ್‌ರ‍್ಯಾಮ್ (ರ‍್ಯಾಮಿನೊಳಗಿನದ್ದನ್ನು ಕುಗ್ಗಿಸಿಡುವ ತಂತ್ರ) ಹಾಕಿ ಸ್ವಲ್ಪ ದಿನ ತಳ್ಳಿದೆ. ಅದು ನೋವು ಮರೆಸುತ್ತದೆ, ಗುಣ ಮಾಡುವುದಿಲ್ಲ.

ವೇಗದ ವಿಷಯ ಬೇಗ ಮುಗಿಸುತ್ತೇನೆ. ಅರಾಂಡೇಲ್‌ನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು ಡಿಡಿಆರ್3-1066ಕ್ಕಿಂತ ಮೇಲೆ ಹೋಗುವುದಿಲ್ಲ. 1333ರ ಸ್ಟಿಕ್ ಹಾಕಿ, 1600ರದ್ದೇ ಹಾಕಿ, 1066ಕ್ಕೆ ಇಳಿದು ಓಡುತ್ತದೆ. ಹಾಗಾಗಿ "ಹೈ ಸ್ಪೀಡ್, ಗೇಮಿಂಗ್ ರ‍್ಯಾಮ್ ಸರ್" ಅಂತ ಯಾರಾದರೂ ಹೆಚ್ಚಿಗೆ ಕೇಳಿದರೆ ನಕ್ಕು ಮುಂದೆ ಹೋಗಿ. ವೋಲ್ಟೇಜೂ ಅಷ್ಟೆ. ಈ ಯಂತ್ರ ಕೊಡುವುದು 1.5 ವೋಲ್ಟ್. ಡಿಡಿಆರ್3ಎಲ್ ಅನ್ನುವ ಕಡಿಮೆ ವೋಲ್ಟೇಜಿನ ಸ್ಟಿಕ್ 1.35ರಲ್ಲೂ ಓಡುತ್ತದೆ, 1.5ರಲ್ಲೂ ಓಡುತ್ತದೆ, ಆದ್ದರಿಂದ ನಮಗೆ ತೊಂದರೆಯಿಲ್ಲ. ತೊಂದರೆ ಬರುವುದು ಉಲ್ಟಾ ಹೋದಾಗ: 1.35 ಮಾತ್ರ ಕೊಡುವ ನಾಲ್ಕನೇ ತಲೆಮಾರಿನ ಯಂತ್ರಕ್ಕೆ ಹಳೆಯ 1.5ರ ಸ್ಟಿಕ್ ತುರುಕಿದರೆ.

ನನ್ನ ತಲೆ ತಿಂದದ್ದು ವೇಗವೂ ಅಲ್ಲ, ವೋಲ್ಟೇಜೂ ಅಲ್ಲ, ಚಿಪ್‌ನ ಸಾಂದ್ರತೆ, ಅಂದರೆ ಒಂದೊಂದು ಚಿಪ್ ಎಷ್ಟು ಗಿಗಾಬಿಟ್ ಹಿಡಿಯುತ್ತದೆ ಅನ್ನುವುದು.

ಲೆಕ್ಕ ಹೀಗಿದೆ. 4 ಜಿಬಿ ಅಂದರೆ 32 ಗಿಗಾಬಿಟ್. ಮೆಮೊರಿ ಬಸ್‌ನ ಅಗಲ 64 ಬಿಟ್, ಒಂದೊಂದು ಚಿಪ್ ಕೊಡುವುದು 8 ಬಿಟ್, ಹಾಗಾಗಿ 8 ಚಿಪ್ ಸೇರಿದರೆ ಒಂದು ರ‍್ಯಾಂಕ್. ಅದೇ 4 ಜಿಬಿಯನ್ನು ಎರಡು ಥರ ಕಟ್ಟಬಹುದು. 16 ಚಿಪ್, ಒಂದೊಂದರಲ್ಲಿ 2 ಗಿಗಾಬಿಟ್: ಇದಕ್ಕೆ ಲೇಬಲ್ ಮೇಲೆ 2ಆರ್×8 (8 ಬಿಟ್ ಚಿಪ್‌ಗಳ ಎರಡು ರ‍್ಯಾಂಕ್) ಅಂತ ಇರುತ್ತದೆ. ಇಲ್ಲವೇ 8 ಚಿಪ್, ಒಂದೊಂದರಲ್ಲಿ 4 ಗಿಗಾಬಿಟ್: ಇದು 1ಆರ್×8. ಅರಾಂಡೇಲ್‌ನ ಮೆಮೊರಿ ಕಂಟ್ರೋಲರ್ ಬಲ್ಲದ್ದು 1 ಮತ್ತು 2 ಗಿಗಾಬಿಟ್ ಚಿಪ್‌ಗಳನ್ನು ಮಾತ್ರ. 2 ಗಿಗಾಬಿಟ್ ಚಿಪ್‌ನ ಒಳಗೆ ವಿಳಾಸ ಹುಡುಕಲು ಸಾಲಿಗೆ 15 ಬಿಟ್, ಕಾಲಮ್ಮಿಗೆ 10, ಬ್ಯಾಂಕಿಗೆ 3 ಬೇಕು. 4 ಗಿಗಾಬಿಟ್‌ಗೆ ಸಾಲಿನ ಬಿಟ್ 16 ಆಗುತ್ತದೆ. ಆ ಒಂದೇ ಒಂದು ಬಿಟ್‌ಗಾಗಿ ಇಷ್ಟೆಲ್ಲ ರಾಮಾಯಣ.

ಲ್ಯಾಪ್‌ಟಾಪ್ ಜೊತೆ ಬಂದ ಕೈಪಿಡಿಯಲ್ಲಿ ಇದರ ಸುಳಿವೇ ಇಲ್ಲ. "ಗರಿಷ್ಠ 8 ಜಿಬಿ, 4 ಜಿಬಿಯ ಎರಡು" ಅಂತ ಬರೆದು ಕೈ ತೊಳೆದುಕೊಂಡಿದ್ದಾರೆ. ಯಂತ್ರದ ವಿವರ ತೋರಿಸುವ ಡಿಎಂಐಡಿಕೋಡ್ ಕಮಾಂಡ್ ಕೂಡ ಗರಿಷ್ಠ ಎಷ್ಟು ಅನ್ನುತ್ತದೆಯೇ ಹೊರತು ಯಾವ ಚಿಪ್ ಅನ್ನುವುದಿಲ್ಲ. ಅದೂ ಬಯಾಸ್ ಬರೆದಿಟ್ಟದ್ದನ್ನೇ ಓದುವ ಗಿಳಿ. ನಿಜ ಸಿಗುವುದು ಪ್ರೊಸೆಸರ್‌ನ ಡೇಟಾಶೀಟ್‌ನಲ್ಲಿ.

ಇನ್ನು ಬೆಲೆಯ ತಮಾಷೆ. ಈಗ ಹೊಸದಾಗಿ ಸಿಗುವ ಅಗ್ಗದ 4 ಜಿಬಿ ಡಿಡಿಆರ್3 ಸ್ಟಿಕ್‌ಗಳು ಹೆಚ್ಚಿನಂಶ 8 ಚಿಪ್‌ನವು, ಯಾಕೆಂದರೆ ಕಡಿಮೆ ಚಿಪ್‌ನಲ್ಲಿ ಕಟ್ಟಿದರೆ ಕಟ್ಟುವವರಿಗೆ ಅಗ್ಗ. 16 ಚಿಪ್‌ನದ್ದು ಬೇಕೆಂದರೆ ಹಳೆ ಲ್ಯಾಪ್‌ಟಾಪ್‌ಗಳಿಂದ ಕಿತ್ತ ಮಾಲೇ ಗತಿ. ಅದರ ಗುಟ್ಟು ಗೊತ್ತಿರುವ ಮಾರಾಟಗಾರ "ಅಪರೂಪದ್ದು" ಅಂತ ಬೆಲೆ ಏರಿಸುತ್ತಾನೆ, ಗೊತ್ತಿಲ್ಲದವನು ಕೈಗೆ ಸಿಕ್ಕಿದ್ದನ್ನು ಕಳಿಸುತ್ತಾನೆ. ನನಗೆ ಸಿಕ್ಕಿದ್ದು ಮೂರನೇ ಜಾತಿ: ಗೊತ್ತಿದ್ದೂ ಕಳಿಸುವವನು.

ಆರ್ಡರ್ ಮಾಡುವ ಮೊದಲೇ ಅವನಿಗೆ ಬಿಡಿಸಿ ಬರೆದಿದ್ದೆ: 2ಆರ್×8 ಬೇಕು, ಚಿಪ್ ಎಣಿಸಿದರೆ 16 ಇರಬೇಕು, ಎರಡೂ ಬದಿಯ ಫೋಟೊ ಬೇಕು. ಫೋಟೊ ಬಂತು, 16 ಚಿಪ್ ಲಕಲಕ ಹೊಳೆಯುತ್ತಿದ್ದವು. "ಸೇಮ್ ಪೀಸ್ ಸರ್, ಡೌಟೇ ಬೇಡ." ಪಾರ್ಸೆಲ್ ಬಿಚ್ಚಿದರೆ ಸ್ಟಿಕ್ಕರ್ ಮೇಲೆ ದಪ್ಪಕ್ಷರದಲ್ಲಿ 4ಜಿಬಿ 2ಆರ್×8 ಪಿಸಿ3-10600ಎಸ್ (ಲೇಬಲ್ ಭಾಷೆಯಲ್ಲಿ ಡಿಡಿಆರ್3-1333). ಚಿಪ್ ಎಣಿಸಿದರೆ ಈ ಬದಿ ನಾಲ್ಕು, ಆ ಬದಿ ನಾಲ್ಕು.

ಎರಡೂ ಬದಿಯಲ್ಲಿ ಚಿಪ್ ಇದ್ದರೆ ಎರಡು ರ‍್ಯಾಂಕ್ ಅಂತ ಎಲ್ಲೆಲ್ಲೂ ಓದುತ್ತೀರಿ. ನಂಬಬೇಡಿ. 8 ಚಿಪ್‌ನ ಸ್ಟಿಕ್‌ನಲ್ಲೂ ನಾಲ್ಕು ಮುಂದೆ, ನಾಲ್ಕು ಹಿಂದೆ ಇರುವುದು ಮಾಮೂಲು. ಬದಿ ನೋಡುವುದಲ್ಲ, ಒಟ್ಟು ಎಣಿಸಬೇಕು.

ಬಂದದ್ದು ಬರಲಿ ಅಂತ ಹಾಕಿ ನೋಡಿದೆ. ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಕಪ್ಪು. ಒಂದೊಂದೇ ಹಾಕಿದರೂ ಅಷ್ಟೆ. ಹಳೆ 2 ಜಿಬಿಯ ಸ್ಟಿಕ್ ಒಂದು ಸ್ಲಾಟ್‌ನಲ್ಲಿಟ್ಟು ಇದನ್ನು ಪಕ್ಕದಲ್ಲಿಟ್ಟರೂ ಅಷ್ಟೆ. ಹಳೆಯವೆರಡನ್ನೇ ವಾಪಸ್ ಹಾಕಿದರೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತದೆ.

ಭೂತಗನ್ನಡಿ ಹಿಡಿದು ಚಿಪ್ ಮೇಲಿನ ಅಕ್ಷರ ಓದಿದೆ: ಕೆ4ಬಿ4ಜಿ08 ಅಂತ ಶುರು. ಸ್ಯಾಮ್‌ಸಂಗ್ ಚಿಪ್‌ಗಳಲ್ಲಿ ಕೆ4ಬಿ ಅಂದರೆ ಡಿಡಿಆರ್3, ನಂತರದ 4ಜಿ ಅಂದರೆ 4 ಗಿಗಾಬಿಟ್, 08 ಅಂದರೆ 8 ಬಿಟ್ ಅಗಲ. ನಮಗೆ ಬೇಕಾದದ್ದು ಕೆ4ಬಿ2ಜಿ08. ಹೈನಿಕ್ಸ್ ಆದರೆ ಎಚ್5ಟಿಕ್ಯೂ2ಜಿ83 ಹುಡುಕಿ. ಮೈಕ್ರಾನ್‌ನವರು ಐದು ಅಕ್ಷರದ ಸಂಕೇತ ಹಾಕಿರುತ್ತಾರೆ, ಅದನ್ನು ಬಿಡಿಸಲು ಅವರದೇ ಪಟ್ಟಿ ನೋಡಬೇಕು. ಆಮೇಲೆ ಸ್ಟಿಕ್ಕರ್‌ನ ಮೂಲೆ ಸ್ವಲ್ಪ ಎದ್ದಿರುವುದು ಕಂಡಿತು. ಉಗುರು ಹಾಕಿ ಎಳೆದರೆ ಕೆಳಗೆ ಇನ್ನೊಂದು ಸ್ಟಿಕ್ಕರ್: 1ಆರ್×8 ಪಿಸಿ3ಎಲ್-12800ಎಸ್ (ಡಿಡಿಆರ್3ಎಲ್-1600), ಮಾಡ್ಯೂಲ್ ಸಂಖ್ಯೆ ಎಂ471ಬಿ5173. ಮೇಲಿನ ಸ್ಟಿಕ್ಕರ್‌ನಲ್ಲಿ ಅಚ್ಚು ಹಾಕಿದ್ದದ್ದು ಎಂ471ಬಿ5273. ಅದು ನಿಜವಾದ 16 ಚಿಪ್‌ನ ಮಾಡ್ಯೂಲಿನ ಸಂಖ್ಯೆ! 1ಕ್ಕೂ 2ಕ್ಕೂ ಇರುವ ವ್ಯತ್ಯಾಸ ಅವನಿಗೆ ಚೆನ್ನಾಗೇ ಗೊತ್ತಿತ್ತು.

ಹಣ ವಾಪಸ್ ಕೇಳಿದೆ. "ನಿಮ್ಮ ಮದರ್‌ಬೋರ್ಡ್ ಹೋಗಿದೆ ಸರ್, ನಮ್ಮ ಹತ್ತಿರ ಟೆಸ್ಟ್ ಮಾಡೇ ಕಳಿಸಿದ್ದು." ಕೆಲಸ ಮಾಡದಿರುವುದರ ವಿಡಿಯೊ ಕಳಿಸಿ ಅಂದ. ಕಪ್ಪು ಪರದೆಯ ವಿಡಿಯೊ ಕಳಿಸಿದೆ. "ವಿಡಿಯೊದಲ್ಲಿ ಏನೂ ಕಾಣ್ತಿಲ್ಲ, ಮತ್ತೆ ಕಳಿಸಿ" ಅಂತ ಉತ್ತರ ಬಂತು.

ಮದರ್‌ಬೋರ್ಡ್‌ನ ಮಾನ ಉಳಿಸಲು ಎಸ್‌ಪಿಡಿ, ಅಂದರೆ ಸ್ಟಿಕ್ ತನ್ನದೇ ಪುಟ್ಟ ಚಿಪ್‌ನಲ್ಲಿ ಬರೆದಿಟ್ಟುಕೊಂಡ ವಿವರ, ಓದಿ ತೋರಿಸಬೇಕಾಯಿತು. ಯಂತ್ರ ಬೂಟ್ ಆಗದೆ ಎಸ್‌ಪಿಡಿ ಓದುವುದು ಹೇಗೆ? ಇನ್ನೊಂದು ಲ್ಯಾಪ್‌ಟಾಪ್ ಬೇಕು. ಅಕ್ಕನ ಮನೆಗೆ ಹೋದೆ.

"ಭಾವ, ನಿಮ್ಮ ಲ್ಯಾಪ್‌ಟಾಪ್ ಸ್ವಲ್ಪ ಬಿಚ್ಚಲಾ?"

"ಮುಚ್ಚೋಕೆ ಬರುತ್ತಾ, ಅದನ್ನ ಮೊದಲು ಹೇಳು."

ಭಾವನದ್ದು 2011ರ ಸ್ಯಾಂಡಿ ಬ್ರಿಡ್ಜ್, ಅಂದರೆ ಇಂಟೆಲ್‌ನ ಎರಡನೇ ತಲೆಮಾರಿನ ಕೋರ್. 4 ಗಿಗಾಬಿಟ್ ಚಿಪ್‌ಗಳನ್ನು ಅದು ಕಣ್ಣು ಮಿಟುಕಿಸದೆ ಒಪ್ಪಿಕೊಂಡಿತು. ಎಸ್‌ಪಿಡಿ ಓದುವ ಕಮಾಂಡ್, ಐ2ಸಿ-ಟೂಲ್ಸ್‌ನ ಡಿಕೋಡ್-ಡಿಮ್ಸ್ ಓಡಿಸಿ ಹೆಕ್ಸ್ (ಹದಿನಾರರ ಎಣಿಕೆಯ ಅಂಕಿಗಳು) ತೆಗೆದೆ. ಸೊನ್ನೆಯಿಂದ ಎಣಿಸಿದರೆ 4ನೇ ಬೈಟ್ ಸಾಂದ್ರತೆ, 5ನೆಯದು ಸಾಲು ಮತ್ತು ಕಾಲಮ್, 7ನೆಯದು ರ‍್ಯಾಂಕ್ ಮತ್ತು ಅಗಲ. ಇಲ್ಲಿದ್ದದ್ದು 04, 21, 01. ಅಂದರೆ 4 ಗಿಗಾಬಿಟ್; 16 ಸಾಲು ಬಿಟ್, 10 ಕಾಲಮ್ ಬಿಟ್; ಒಂದೇ ರ‍್ಯಾಂಕ್. ಬೇಕಾಗಿದ್ದದ್ದು 03, 19, 09. ಮಾಡ್ಯೂಲ್ ಸಂಖ್ಯೆ 128ನೇ ಬೈಟ್‌ನಿಂದ ಶುರುವಾಗುತ್ತದೆ, ಅಲ್ಲೂ 5173 ಎಂದೇ ಇತ್ತು. ಸ್ಟಿಕ್ಕರ್ ಅಂಟಿಸುವ ಮಹಾಶಯನಿಗೆ ಎಸ್‌ಪಿಡಿ ತಿದ್ದುವಷ್ಟು ಪುರುಸೊತ್ತು ಇರಲಿಲ್ಲ. ಇದನ್ನೆಲ್ಲ ಫೋಟೊ ಹಿಡಿದು ಕಳಿಸಿದೆ. ಅಲ್ಲಿಂದ ಮಾತಿಲ್ಲ.

ಭಾವನ ಲ್ಯಾಪ್‌ಟಾಪ್ ಮುಚ್ಚಲು ಅವರ ಹಳೆ ಸ್ಟಿಕ್‌ಗಳನ್ನು ಕೈಗೆತ್ತಿಕೊಂಡೆ ನೋಡಿ. ಈ ಬದಿ ಎಂಟು, ಆ ಬದಿ ಎಂಟು. 4ಜಿಬಿ 2ಆರ್×8 ಪಿಸಿ3-10600ಎಸ್, ಅಸಲಿ ಸ್ಟಿಕ್ಕರ್, ಅಂಥವು ಎರಡು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಯಿತು.

ಅಲ್ಲೇ ಅದಲು ಬದಲು ಮಾಡಿದೆವು. ಭಾವನಿಗೆ ನಷ್ಟವೇನೂ ಇಲ್ಲ: ಅಷ್ಟೇ 8 ಜಿಬಿ, ಇನ್ನೂ ಹೊಸ ಸ್ಟಿಕ್, ಅವರ ಯಂತ್ರದಲ್ಲಿ 1333ರಲ್ಲಿ ಓಡುತ್ತದೆ. ಎರಡು ರ‍್ಯಾಂಕ್ ಇದ್ದರೆ ಒಂದು ಕೆಲಸದಲ್ಲಿರುವಾಗ ಇನ್ನೊಂದನ್ನು ತೆರೆದಿಡಬಹುದು, ಹಾಗಾಗಿ ಒಂದು ಕೂದಲೆಳೆಯಷ್ಟು ವೇಗ ಹೋಗಿರಬಹುದು. ಅವರು ಮಾಡುವುದು ಸ್ಪ್ರೆಡ್‌ಶೀಟ್. ನಾನು ಹೇಳಲಿಲ್ಲ, ನೀವೂ ಹೇಳಬೇಡಿ.

ಹಾಗಾಗಿ ಅಗ್ಗದ ದಾರಿ ಹುಡುಕುವವರಿಗೆ ನನ್ನ ಅಭಿಪ್ರಾಯ: ಮೊದಲ ತಲೆಮಾರಿನ ಕೋರ್ ಆಗಲಿ, ಡಿಡಿಆರ್3 ಹಾಕುವ ಜಿಎಂ45 ಚಿಪ್‌ಸೆಟ್‌ನ ಕೋರ್ 2 ಆಗಲಿ, 16 ಚಿಪ್‌ನ ಸ್ಟಿಕ್‌ಗೆ ಅಂಗಡಿಯಲ್ಲಿ ಹುಡುಕುವ ಮೊದಲು ಪರಿಚಯದವರ 2011, 2012ರ ಲ್ಯಾಪ್‌ಟಾಪ್‌ಗಳ ಹಿಂಬದಿ ಮುಚ್ಚಳ ತೆಗೆಸಿ. ಅವರಿಗೆ ಯಾವುದಾದರೂ ನಡೆಯುತ್ತದೆ, ನಿಮಗೆ ನಡೆಯುವುದಿಲ್ಲ. ಅಗ್ಗದ 8 ಚಿಪ್‌ನ ಜೋಡಿ ಕೊಂಡು ಅವರಿಗೆ ಕೊಟ್ಟು, ಅವರದ್ದನ್ನು ನೀವು ಇಟ್ಟುಕೊಳ್ಳಿ. ಕೊಳ್ಳಲೇಬೇಕಾದರೆ ನಿಮ್ಮ ಹೆಸರು ಬರೆದ ಚೀಟಿಯ ಪಕ್ಕ ಸ್ಟಿಕ್ ಇಟ್ಟು ಎರಡೂ ಬದಿ ಫೋಟೊ ತೆಗೆಸಿ. ಚೀಟಿ ಇಲ್ಲದ ಫೋಟೊ ಯಾರ ಸ್ಟಿಕ್‌ನದ್ದೋ.

ಇದೇ ರೋಗ ಒಂದು ಮೆಟ್ಟಿಲು ಮೇಲೂ ಇದೆ. ಒಂದೇ ಸ್ಟಿಕ್‌ನಲ್ಲಿ 16 ಜಿಬಿ ಕೊಡುವ ಡಿಡಿಆರ್3ಎಲ್‌ನಲ್ಲಿ ಇರುವುದು 8 ಗಿಗಾಬಿಟ್ ಚಿಪ್, ಕಾಲಮ್ ಬಿಟ್ 11. ಇಂಟೆಲ್‌ನಲ್ಲಿ ಐದನೇ ತಲೆಮಾರಿಗಿಂತ ಹಿಂದಿನವು ಅದನ್ನು ಮುಟ್ಟುವುದಿಲ್ಲ. ನನ್ನ ಕಪಾಟಿನಲ್ಲಿ ಒಂದೇ ಸ್ಲಾಟ್‌ನ ಐದನೇ ತಲೆಮಾರಿನ ಲ್ಯಾಪ್‌ಟಾಪ್ ಬಿದ್ದಿದೆ. ಅದರ ಹಿಂಜ್ ಮುರಿದಿದೆ ಅನ್ನುವುದು ಬೇರೆ ವಿಷಯ.

ಆದರೆ ಮೊದಲು ಕೈ ಹಾಕಿರುವುದು ಎಸ್‌ಪಿಡಿ ಓದುವ ಪುಟ್ಟ ಯಂತ್ರಕ್ಕೆ. ಪ್ರತಿ ಸಲ ಭಾವನ ಲ್ಯಾಪ್‌ಟಾಪ್ ಬಿಚ್ಚಲಾಗುವುದಿಲ್ಲ, ಅಕ್ಕನೂ ಬಿಡುವುದಿಲ್ಲ. ಸತ್ತ ಮದರ್‌ಬೋರ್ಡ್‌ನಿಂದ 204 ಪಿನ್‌ನ ಸಾಕೆಟ್ ಕಿತ್ತು, 199ಕ್ಕೆ 3.3 ವೋಲ್ಟ್, 200ಕ್ಕೆ ಎಸ್‌ಡಿಎ (ಡೇಟಾ ತಂತಿ), 202ಕ್ಕೆ ಎಸ್‌ಸಿಎಲ್ (ಕ್ಲಾಕ್ ತಂತಿ), ವಿಳಾಸದ 197 ಮತ್ತು 201 ಎರಡನ್ನೂ ಗ್ರೌಂಡ್‌ಗೆ ಕಟ್ಟಿದರೆ ಹೆಕ್ಸ್ 50ರ ವಿಳಾಸದಲ್ಲಿ ಈಪ್ರಾಮ್ (ಎಸ್‌ಪಿಡಿ ಇರುವ ಚಿಪ್) ಮಾತಾಡಬೇಕು. ರ‍್ಯಾಮ್ ಚಿಪ್‌ಗಳಿಗೆ ಕರೆಂಟ್ ಕೊಡುವುದೇ ಬೇಡ. ಇದನ್ನು ಓದಲು 5 ವೋಲ್ಟ್‌ನ ಆರ್ಡುಯಿನೊ ಬೋರ್ಡನ್ನು ನೇರ ಕಟ್ಟಬೇಡಿ, ಈಪ್ರಾಮ್‌ಗೆ 3.6ರ ಮೇಲೆ ತಡೆಯುವುದಿಲ್ಲ. ಸದ್ಯಕ್ಕೆ ಸಾಕೆಟ್ ಇನ್ನೂ ಬೋರ್ಡ್‌ನಲ್ಲೇ ಕೂತಿದೆ. ಮೇಲಿಂದ ಬಿಸಿಗಾಳಿ ಹಿಡಿದರೆ ಬೆಸುಗೆ ಕರಗುವ ಮೊದಲು ಪ್ಲಾಸ್ಟಿಕ್ ಸೊಟ್ಟಗಾಗುತ್ತಿದೆ. ಕೆಳಗಿನಿಂದ ಬಿಸಿ ಮಾಡುವ ಪ್ರೀಹೀಟರ್ ಹುಡುಕುತ್ತಿದ್ದೇನೆ. ಸೆಕೆಂಡ್‌ಹ್ಯಾಂಡ್ ಆದರೂ ಸರಿ, ಮೇಲೆ ಸ್ಟಿಕ್ಕರ್ ಇರದಿದ್ದರೆ ಇನ್ನೂ ಒಳ್ಳೆಯದು.