ಮದ್ದು ಹಾಕಿಸಿಕೊಂಡು ಮನೆಗೆ ಹೋಗಬಹುದೆ?

ತಂಗಿಗೆ 41 ವಾರ ತುಂಬಿದರೂ ನೋವಿನ ಸುಳಿವಿರಲಿಲ್ಲ. ಕಾಸರಗೋಡಿನ ಆಸ್ಪತ್ರೆಯಲ್ಲಿ ಪರೀಕ್ಷಿಸಿದ ಡಾಕ್ಟರು, ಗರ್ಭಕಂಠ ಇನ್ನೂ ಗಟ್ಟಿಯಾಗಿದೆ, ಬಿಷಪ್ ಅಂಕ ಬರೀ 3 ಎಂದರು. ಗರ್ಭಕಂಠ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆತ್ತಗಾಗಿದೆ, ಯಾವ ಕಡೆಗೆ ತಿರುಗಿದೆ, ಮಗುವಿನ ತಲೆ ಎಷ್ಟು ಇಳಿದಿದೆ ಎಂಬ ಐದು ಸಂಗತಿಗಳನ್ನು ನೋಡಿ ಹಾಕುವ ಈ ಅಂಕ 13ರವರೆಗೆ ಹೋಗುತ್ತದೆ. 6 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ನೋವು ಬರಿಸುವ ಮೊದಲು ಗರ್ಭಕಂಠವನ್ನು ಹದಗೊಳಿಸಬೇಕಾಗುತ್ತದೆ.

“ಮದ್ದು ಹಾಕಿಸಿಕೊಂಡು ಮನೆಗೆ ಹೋಗಿ ನಾಳೆ ಬಂದರಾಗದೆ ಅಕ್ಕಾ?” ಎಂದು ಅವಳು ನನ್ನನ್ನೇ ಕೇಳಿದಳು. ವಾರ್ಡಿನ ಸೆಖೆ ಕಂಡವರು ಯಾರಾದರೂ ಕೇಳುವ ಮಾತೇ.

ಉತ್ತರ ಯಾವ ಮದ್ದು ಎಂಬುದನ್ನು ಅವಲಂಬಿಸಿದೆ. ಗರ್ಭಕಂಠ ಹದಗೊಳಿಸಲು ಬಳಸುವ ಮಿಸೊಪ್ರೊಸ್ಟಾಲ್ ಮೂಲತಃ ಹೊಟ್ಟೆಯ ಹುಣ್ಣಿಗೆಂದು ಬಂದ ಮಾತ್ರೆ. ಅದು ಸಾಮಾನ್ಯವಾಗಿ 200 ಮೈಕ್ರೊಗ್ರಾಮಿನದು. ಹೆರಿಗೆಗೆ ಬೇಕಾದುದು ಬರೀ 25 ಮೈಕ್ರೊಗ್ರಾಂ, ಬಾಯಿಯ ಮೂಲಕವಾದರೆ ಎರಡು ಗಂಟೆಗೊಮ್ಮೆ. ನುಂಗಿದ್ದನ್ನು ಮರಳಿ ತೆಗೆಯಲಾಗದು. ಹತ್ತು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ಸಲ ಗರ್ಭಕೋಶ ಬಿಗಿದುಕೊಂಡರೆ ಮಗುವಿನ ಎದೆಬಡಿತ ಇಳಿಯಬಹುದು. ಹಿಂದೆ ಸಿಸೇರಿಯನ್ ಆದವರಿಗಂತೂ ಹೊಲಿಗೆ ಬಿಡುವ ಭಯದಿಂದ ಇದನ್ನು ಕೊಡುವುದಿಲ್ಲ.

ತಂಗಿಗೆ ಕೊಟ್ಟದ್ದು ಡೈನೊಪ್ರೊಸ್ಟೋನ್ ಜೆಲ್, ಗರ್ಭಕಂಠದೊಳಗೇ ಹಾಕಿ ಅದನ್ನು ಮೆತ್ತಗಾಗಿಸುವ ಮದ್ದು. ನರ್ಸಮ್ಮ ಅದನ್ನು ಫ್ರಿಜ್ಜಿನಿಂದ ತೆಗೆದು, ಸಿರಿಂಜನ್ನು ಸ್ವಲ್ಪ ಹೊತ್ತು ಹೊರಗಿಟ್ಟು ತಣ್ಪು ಬಿಟ್ಟ ಮೇಲೆ ಡಾಕ್ಟರ ಕೈಗೆ ಕೊಟ್ಟರು, 0.5 ಮಿಲಿಗ್ರಾಂ, ಒಂದು ಚಮಚವೂ ತುಂಬದಷ್ಟು. ಆಮೇಲೆ ಅರ್ಧ ಗಂಟೆ ಏಳಬಾರದು, ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತ ನೋಡಬೇಕು.

ಬೇರೆ ಯಾವ ತೊಂದರೆಯೂ ಇಲ್ಲದ ಬಸುರಿಯರನ್ನು ಇಷ್ಟಾದ ಮೇಲೆ ಮನೆಗೆ ಕಳುಹಿಸುವ ಪದ್ಧತಿ ಕೆಲವು ದೇಶಗಳಲ್ಲಿದೆ. ಹೃದಯದ ನೋವಿಗೆ ಕೊಡುವ ಐಸೊಸಾರ್ಬೈಡ್ ಮೊನೊನೈಟ್ರೇಟ್ ಎಂಬ ಮದ್ದನ್ನೂ ಇದೇ ಉದ್ದೇಶಕ್ಕೆ ಪರೀಕ್ಷಿಸಿದ್ದಾರೆ. ಅದು ಗರ್ಭಕೋಶವನ್ನು ಹೆಚ್ಚು ಕೆರಳಿಸದಿದ್ದರೂ ತಲೆನೋವು ತರುತ್ತದೆ. ಆದರೆ ಅಲ್ಲಿಯ ‘ಮನೆ’ ಎಂದರೆ ಫೋನ್ ಮಾಡಿದ ಕೂಡಲೇ ಆಸ್ಪತ್ರೆ ಸೇರಬಹುದಾದ ಮನೆ. ನಮ್ಮದು ಪೆರ್ಲದಿಂದಲೂ ಒಳಗೆ, ಗುಡ್ಡದ ಮೇಲೆ. ಜೀಪು ಬಂದು, ಬದಿಯಡ್ಕ, ಚೆರ್ಕಳ ದಾಟಬೇಕು. ದೊಡ್ಡ ಆಸ್ಪತ್ರೆ ಬೇಕೆಂದರೆ ಮಂಗಳೂರು. 2020ರ ಮಾರ್ಚಿನಲ್ಲಿ, ಕೊರೊನಾ ಕಾಲದಲ್ಲಿ, ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿಯೂ ಇರಲಿಲ್ಲ ಎಂಬುದನ್ನು ನಮ್ಮೂರಿನವರು ಮರೆತಿಲ್ಲ.

ಡಾಕ್ಟರು ಕಳುಹಿಸಲಿಲ್ಲ, ನಾನೂ ಒತ್ತಾಯಿಸಲಿಲ್ಲ. ತಂಗಿ ಮುಖ ಊದಿಸಿಕೊಂಡು ಮಲಗಿದಳು. ಮಧ್ಯಾಹ್ನ ಹನ್ನೆರಡಕ್ಕೆ ಹಾಕಿದ ಜೆಲ್ಲನ್ನು ಸಂಜೆ ಆರಕ್ಕೆ ಇನ್ನೊಮ್ಮೆ ಹಾಕಿದರು. ರಾತ್ರಿ ಎರಡಕ್ಕೆ ನೀರು ಹೋಗತೊಡಗಿತು, ನಾಲ್ಕಕ್ಕೆ ಮಗು ಅತ್ತಿತು. ಮನೆಯಲ್ಲಿದ್ದಿದ್ದರೆ ಆ ಹೊತ್ತಿಗೆ ನಾವಿನ್ನೂ ಜೀಪಿನವನ ಬಾಗಿಲು ಬಡಿಯುತ್ತಿದ್ದೆವು.