ಅಳತೆ ಕೂಡದ ಬ್ಲಾಕು, ಅಳತೆ ಕೇಳದ ಕೌದಿ

2024 ನವೆಂಬರ್ 16, ಶನಿವಾರ
ಕೊಲಂಬಸ್, ಒಹಾಯೊ

ಹಳೆ ಸಾಮಾನಿನ ಅಂಗಡಿಯಿಂದ ತಂದ ಕ್ವಿಲ್ಟ್ ಬ್ಲಾಕುಗಳನ್ನು ಇವತ್ತು ಊಟದ ಟೇಬಲ್ ತುಂಬ ಹರಡಿದೆ. ಕ್ವಿಲ್ಟ್ ಅಂದರೆ ತುಂಡು ಬಟ್ಟೆಯ ಹೊದಿಕೆ, ಇಲ್ಲಿಯ ಕೌದಿ; ಬ್ಲಾಕು ಅಂದರೆ ಅದಕ್ಕೆಂದು ತುಂಡು ಕೂಡಿಸಿ ಹೊಲಿದ ಚೌಕ. ಇವು ಯಾರೋ ಕೈಯಲ್ಲೇ ಹೊಲಿದು, ಕ್ವಿಲ್ಟ್ ಮಾಡದೆ ಹಾಗೇ ಬಿಟ್ಟವು. ಹೆಚ್ಚಿನವು ಡ್ರೆಸ್ಡನ್ ಪ್ಲೇಟ್, ಅಂದರೆ ಎಸಳುಗಳನ್ನು ದುಂಡಗೆ ಜೋಡಿಸಿದ ವಿನ್ಯಾಸ. 1920, 30ರ ದಶಕದಲ್ಲಿ ಅಮೆರಿಕದ ಹೆಂಗಸರು ಇದನ್ನು ಬಹಳ ಹೊಲಿದಿದ್ದಾರೆ.

ಕೆಲವು ಎಸಳು ಚೀಲದ ಬಟ್ಟೆ ಇರಬೇಕು. ಆಗ ಹಿಟ್ಟು, ಸಕ್ಕರೆ, ಕೋಳಿಯ ಮೇವು ಎಲ್ಲ ಹತ್ತಿ ಬಟ್ಟೆಯ ಚೀಲದಲ್ಲಿ ಬರುತ್ತಿತ್ತು. ಖಾಲಿ ಚೀಲ ಬಿಚ್ಚಿ ಹೆಂಗಸರು ಫ್ರಾಕು, ದಿಂಬಿನ ಕವರು ಹೊಲಿಯುತ್ತಿದ್ದರು. ಅದನ್ನು ನೋಡಿ ಕಂಪನಿಗಳೇ ಚೀಲದ ಮೇಲೆ ಹೂವಿನ ಪ್ರಿಂಟು ಹಾಕತೊಡಗಿದವು. ಜಾಣ ವ್ಯಾಪಾರ! ಅಂಚಲ್ಲಿ ದಪ್ಪ ಸೂಜಿಯ ತೂತು ಸಾಲಾಗಿ ಕಂಡರೆ ಅದು ಚೀಲದ ಹೊಲಿಗೆ ಬಿಚ್ಚಿದ ಗುರುತು.

ಇವನ್ನು ಏನು ಮಾಡಬಹುದು? ಕುಶನ್ ಕವರು, ಚೀಲ, ಟೇಬಲ್ ರನ್ನರು ಎಲ್ಲರೂ ಮಾಡುತ್ತಾರೆ. ನನಗೆ ಇಷ್ಟವಾದದ್ದು ಒಂದು ಬ್ಲಾಕನ್ನು ತಿರುವಿ, ಹಿಂಭಾಗ ಕಾಣುವಂತೆ ಫ್ರೇಮ್ ಹಾಕಿಸುವುದು. ಕೈಹೊಲಿಗೆ, ಗಂಟು, ದಾರ ಮುಗಿದ ಜಾಗ ಎಲ್ಲ ಅಲ್ಲೇ ಇರುವುದು ಅಲ್ವಾ? ಆದರೆ ಮುಗಿದ ಹಳೆ ಕ್ವಿಲ್ಟನ್ನೇ ಕತ್ತರಿಸಿ ಜಾಕೆಟ್ ಹೊಲಿಯುವ ಫ್ಯಾಷನ್ ಬಂದಿದೆಯಲ್ಲ, ಅದು ನನಗೆ ಸೇರುವುದಿಲ್ಲ. ಬಿಡಿ ಬ್ಲಾಕುಗಳು ಇಷ್ಟು ಸಿಗುವಾಗ ಅದೇಕೆ ಬೇಕು?

ಉಳಿದವನ್ನೆಲ್ಲ ಸೇರಿಸಿ ಒಂದು ಹೊದಿಕೆ ಮಾಡೋಣ ಅಂದರೆ ಅಳತೆ ಕೂಡುವುದಿಲ್ಲ. ಒಂದು 12 ಇಂಚು, ಇನ್ನೊಂದು 11.5, ಮತ್ತೊಂದು ಸೊಟ್ಟ. ಇಲ್ಲಿಯ ಪದ್ಧತಿಯಲ್ಲಿ ಸುತ್ತ ಪಟ್ಟಿ ಹಚ್ಚಿ, ಎಲ್ಲವನ್ನೂ ಒಂದೇ ಅಳತೆಗೆ ತಂದು, ಆಮೇಲೆ ಜೋಡಿಸಬೇಕು. ಕೌದಿಗೆ ಈ ರಗಳೆಯೇ ಇಲ್ಲ. ಕೆಳಗೆ ಹಳೆ ಸೀರೆ ಹಾಸಿ, ತುಂಡಿನ ಅಂಚು ಮಡಚಿ, ಮೇಲಿಟ್ಟು ರನ್ನಿಂಗ್ ಸ್ಟಿಚ್ ಹಾಕುತ್ತ ಹೋದರಾಯಿತು. ಒಂದರ ಮೇಲೊಂದು ಸ್ವಲ್ಪ ಹತ್ತಿದರೂ ನಡೆಯುತ್ತದೆ.

ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಜನಾಂಗದ ಹೆಂಗಸರ ಕೌದಿ ನೋಡಿದ್ದೀರಾ? ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ‘ಫುಲಾ’ ಇಡುತ್ತಾರೆ. ಅದಿಲ್ಲದೆ ಕೌದಿ ಮುಗಿದಂತಲ್ಲ. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಸೆಂಟರ್ ಎಂಬ ಗ್ರಂಥಾಲಯದಲ್ಲಿ ಈ ಕೌದಿಗಳ ಪ್ರದರ್ಶನವೂ ನಡೆದಿತ್ತು. ನಾನು ಅದೇ ಕ್ರಮ ಹಿಡಿದಿದ್ದೇನೆ. ಸೊಟ್ಟ ಬ್ಲಾಕುಗಳು ಅಂಚಿಗೆ, ಚೆಂದದ ಪ್ಲೇಟು ನಡುವಿಗೆ, ನಡುವೆ ಉಳಿದ ಸಂದಿಗೆ ಇಳಕಲ್ ಸೀರೆಯ ದಡಿ.

ತೊಳೆಯುವ ವಿಷಯ ಮಾತ್ರ ಜೋಪಾನ. ಬಿಡಿ ಬ್ಲಾಕನ್ನು ನೀರಿಗೆ ಹಾಕಿದರೆ ಹಿಂದಿನ ಅಂಚೆಲ್ಲ ನೂಲು ನೂಲಾಗಿ ಬಿಡುತ್ತದೆ. ಸೀರೆಗೆ ಹೊಲಿದು ಮುಗಿದ ಮೇಲೆ, ತಣ್ಣೀರಲ್ಲಿ, ಕೈಯಲ್ಲೇ ತೊಳೆಯಬೇಕು. ಅದಕ್ಕೂ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಕೆಂಪು ತುಂಡುಗಳನ್ನು ಒರೆಸಿ, ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ. ಇನ್ನೂ ಹಳೆಯ ಕಂದು, ಕಪ್ಪು ಬಟ್ಟೆ ಮುಟ್ಟಿದರೆ ಪುಡಿಯಾಗುವುದುಂಟು. ಬಣ್ಣ ನಿಲ್ಲಲು ಆಗ ಹಾಕುತ್ತಿದ್ದ ಕಬ್ಬಿಣದ ಅಂಶವೇ ನೂಲನ್ನು ತಿಂದಿರುತ್ತದೆ. ಅಂಥ ಎಸಳಿನ ಮೇಲೆ ತೆಳು ಬಟ್ಟೆಯ ತೇಪೆ ಹಾಕುತ್ತಿದ್ದೇನೆ.

ಸಂಜೆ ವಿಡಿಯೊ ಕಾಲಿನಲ್ಲಿ ಅವ್ವನಿಗೆ ತೋರಿಸಿದೆ. “ಗ್ವಾಡಿಗೆ ತೂಗಹಾಕಾಕ ಇಷ್ಟ್ಯಾಕ ತ್ರಾಸು? ಹೊಚ್ಚಗೊಳ್ಳಾಕ ಬರೂಹಂಗ ಮಾಡು” ಅಂದಳು. ಹೊದಿಯುವುದಕ್ಕೇ ಅವ್ವಾ, ಅಂದೆ. ಒಳಗೆ ಅಂಗಡಿಯ ಬ್ಯಾಟಿಂಗ್, ಅಂದರೆ ಪದರಗಳ ನಡುವೆ ತುಂಬುವ ಮೆತ್ತನೆಯ ಹಾಸು, ಹಾಕುವುದಿಲ್ಲ, ಎರಡು ಪದರ ಹಳೆ ಸೀರೆ ಸಾಕು. ಒಹಾಯೊ ಚಳಿಗೆ ಸಾಲದಿದ್ದರೆ ಇನ್ನೊಂದು ಸೀರೆ ಸೇರಿಸಿದರಾಯಿತು.