ಫೇಲ್ ಅಂದ್ರೆ ಯಾವ ಫೇಲ್? ಸ್ಪ್ಲಂಕ್ ಮ್ಯಾಕ್ರೋ ಮಾಡೋಕೆ ಹೋಗಿ ಕಲಿತಿದ್ದು

ನಮ್ಮ ಆಫೀಸು ಬೆಳ್ಳಂದೂರು ಕಡೆ, ಪೇಮೆಂಟ್ ಆ್ಯಪ್‌ಗಳ ಹಿಂದಿನ ಸಿಸ್ಟಮ್ ನೋಡ್ಕೊಳ್ಳೋ ಕೆಲಸ ನಂದು. ಯುಪಿಐ ಟ್ರಾನ್ಸಾಕ್ಷನ್ ಎಲ್ಲಿ ಸಿಕ್ಕಾಕೊಳ್ತು, ಯಾಕೆ ಸಿಕ್ಕಾಕೊಳ್ತು ಅಂತ ಲಾಗ್ (ಸಿಸ್ಟಮ್ ತಾನೇ ಬರೆದಿಡೋ ದಾಖಲೆ) ಕೆದಕಿ ಹೇಳ್ಬೇಕು. ಲಾಗೆಲ್ಲ ಸ್ಪ್ಲಂಕ್ ಅನ್ನೋ ಲಾಗ್ ಹುಡುಕೋ ಸಾಫ್ಟ್‌ವೇರ್‌ಗೆ ಬಂದು ಬೀಳುತ್ತೆ, ನಾಲ್ಕು ವರ್ಷದಿಂದ ದಿನಾ ಅದರ ಮುಂದೆನೇ ಕೂತಿದೀನಿ, ಆದ್ರೂ ಸರ್ಚ್ ಮ್ಯಾಕ್ರೋ ಅನ್ನೋದನ್ನ ಸೀರಿಯಸ್ಸಾಗಿ ತಗೊಂಡಿದ್ದು ಹೋದ ವರ್ಷ, ಒಂದೇ ಮೀಟಿಂಗ್‌ನಲ್ಲಿ ಎರಡು ಟೀಮ್‌ನವರು ಎರಡು ನಂಬರ್ ಹೇಳಿದ ಮೇಲೆ.

ತಿಂಗಳ ಮೊದಲ ವಾರ ಅದು. ಸಂಬಳ ಬಿದ್ದಿರುತ್ತೆ, ಬಾಡಿಗೆ, ಇಎಂಐ, ಚೀಟಿ ದುಡ್ಡು ಎಲ್ಲ ಒಟ್ಟಿಗೆ ಹೊರಡುತ್ತೆ, ನಮಗೆ ಉಸಿರಾಡೋಕೂ ಪುರುಸೊತ್ತಿರಲ್ಲ. ಬೆಳಗ್ಗೆ ಮೀಟಿಂಗ್‌ನಲ್ಲಿ ಸಪೋರ್ಟ್ ಟೀಮ್‌ನವರು ನೂರಕ್ಕೆ ಆರು ಟ್ರಾನ್ಸಾಕ್ಷನ್ ಫೇಲ್ ಆಗ್ತಿದೆ ಅಂದ್ರು, ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ನೂರಕ್ಕೆ ಒಂದೂ ಇಲ್ಲ. ಲಾಗ್ ಅದೇ, ಟೈಮ್ ಅದೇ. ಅರ್ಧ ಗಂಟೆ ಒಬ್ಬರ ಮೇಲೊಬ್ಬರು ಹೇಳ್ಕೊಂಡ್ವಿ, ಆಮೇಲೆ ಎರಡೂ ಸರ್ಚ್ ಪಕ್ಕಪಕ್ಕ ಇಟ್ಟು ನೋಡಿದಾಗ ವಿಷಯ ಗೊತ್ತಾಯ್ತು.

ಯುಪಿಐನಲ್ಲಿ ಫೇಲ್ ಅಂದ್ರೆ ಒಂದೇ ಅಲ್ಲ. ಬಿಸಿನೆಸ್ ಡಿಕ್ಲೈನ್ ಅಂತ ಒಂದು, ಟೆಕ್ನಿಕಲ್ ಡಿಕ್ಲೈನ್ ಅಂತ ಇನ್ನೊಂದು, ಯುಪಿಐ ನಡೆಸೋ ಎನ್‌ಪಿಸಿಐ ಲೆಕ್ಕ ಕೊಡೋದೂ ಹೀಗೆ ಎರಡು ಭಾಗ ಮಾಡಿನೇ. ಅಕೌಂಟ್‌ನಲ್ಲಿ ದುಡ್ಡಿಲ್ಲ ಅಂದ್ರೆ ಜೆಡ್ 9 ಕೋಡ್ ಬರುತ್ತೆ, ಪಿನ್ ತಪ್ಪು ಒತ್ತಿದ್ರೆ ಜೆಡ್ ಎಂ, ಇವೆಲ್ಲ ಬಿಸಿನೆಸ್ ಡಿಕ್ಲೈನ್, ಸಿಸ್ಟಮ್ ಸರಿಯಾಗೇ ಕೆಲಸ ಮಾಡಿದೆ, ಗ್ರಾಹಕರ ಕಡೆಯ ಕಾರಣಕ್ಕೆ ಆಗಿಲ್ಲ ಅಷ್ಟೆ. ಬ್ಯಾಂಕಿನ ಸರ್ವರ್ ಉತ್ತರ ಕೊಡಲಿಲ್ಲ, ನೆಟ್‌ವರ್ಕ್ ಬಿತ್ತು, ಇವು ಟೆಕ್ನಿಕಲ್. ಸಪೋರ್ಟ್‌ನವರು ಎರಡನ್ನೂ ಸೇರಿಸಿ ಎಣಿಸ್ತಿದ್ರು, ನಾವು ಟೆಕ್ನಿಕಲ್ ಮಾತ್ರ. ಅವರ ಪ್ರಕಾರ ಅವರದು ಸರಿನೇ, ಯಾಕಂದ್ರೆ ಫೋನ್ ಮಾಡಿ ಬೈಯೋ ಗ್ರಾಹಕರಿಗೆ ಈ ವ್ಯತ್ಯಾಸ ಬೇಕಾಗಿಲ್ಲ. ಆದ್ರೆ ಒಂದೇ ಕಂಪನಿಯಲ್ಲಿ ‘ಫೇಲ್’ ಅನ್ನೋ ಪದಕ್ಕೆ ಎರಡು ಅರ್ಥ ಇಟ್ಕೊಂಡು ವರ್ಷಗಟ್ಟಲೆ ಗ್ರಾಫ್ ತೋರಿಸ್ತಾ ಬಂದಿದೀವಲ್ಲ, ಅದು ನನಗೆ ತುಂಬಾ ಚುಚ್ಚಿತು. ಹುಡುಕಿದ್ರೆ ಮೂರನೇ ಅರ್ಥನೂ ಸಿಕ್ತು, ಯಾರೋ ಬಿಟ್ಟುಹೋದವರ ಅಲರ್ಟ್‌ನಲ್ಲಿ.

ಆಗ ಮ್ಯಾಕ್ರೋ ಮಾಡೋಣ ಅಂತ ಕೂತೆ. ಗೊತ್ತಿಲ್ಲದವರಿಗೆ ಹೇಳ್ತೀನಿ. ಪದೇ ಪದೇ ಬರೆಯೋ ಸರ್ಚ್‌ನ ತುಂಡಿಗೆ ಒಂದು ಹೆಸರಿಟ್ಟು ಸೇವ್ ಮಾಡೋದು, ಆಮೇಲೆ ಆ ಹೆಸರನ್ನ ಎರಡು ಬ್ಯಾಕ್‌ಟಿಕ್ (`) ಮಧ್ಯೆ ಹಾಕಿದ್ರೆ ಸಾಕು, ಆ ತುಂಡು ಅಲ್ಲಿ ಬಂದು ಕೂರುತ್ತೆ. ಮನೇಲಿ ಸಾರಿನ ಪುಡಿ ಒಂದ್ಸಲ ಹುರಿದು ಮಿಲ್ ಮಾಡಿಸಿ ಡಬ್ಬಿಗೆ ಹಾಕಿಡ್ತಾರಲ್ಲ ಹಾಗೆ, ದಿನಾ ಧನಿಯಾ, ಮೆಣಸಿನಕಾಯಿ ಹುರಿಯೋ ಕೆಲಸ ಇಲ್ಲ. ಮಾಡೋದು ಸೆಟ್ಟಿಂಗ್ಸ್‌ಗೆ ಹೋಗಿ ಅಡ್ವಾನ್ಸ್ಡ್ ಸರ್ಚ್, ಅದರೊಳಗೆ ಸರ್ಚ್ ಮ್ಯಾಕ್ರೋಸ್, ಅಲ್ಲಿ ಆ್ಯಡ್ ನ್ಯೂ. ಎರಡು ನಿಮಿಷದ ಕೆಲಸ.

ಎರಡು ಮಾಡಿದೆ. ಒಂದು ‘ಪೇ_ಲಾಗ್’, ಅದರಲ್ಲಿ ಯಾವ ಇಂಡೆಕ್ಸ್ (ಲಾಗ್ ಇಟ್ಟಿರೋ ಜಾಗ), ಯಾವ ಸೋರ್ಸ್‌ಟೈಪ್ (ಯಾವ ಥರದ ಲಾಗ್) ಅಂತ ಮಾತ್ರ. ಇನ್ನೊಂದು ‘ಟಿಡಿ_ಫೇಲ್’, ಟೆಕ್ನಿಕಲ್ ಡಿಕ್ಲೈನ್ ಅಂದ್ರೆ ಏನು ಅನ್ನೋ ಕಂಡೀಷನ್. ಟೆಕ್ನಿಕಲ್ ಕೋಡ್ ಬಂದಿರಬೇಕು ‘ಆರ್’ (OR, ಅಂದ್ರೆ ಇಲ್ಲಾಂದ್ರೆ) ಉತ್ತರ ಬರೋಕೆ 30000 ಮಿಲಿಸೆಕೆಂಡ್ ದಾಟಿರಬೇಕು, ಅಷ್ಟೆ. ಒಂದೇ ಸಾಲು. ಚೆಕ್ ಮಾಡಿದೆ, ನಂಬರ್ ಸರಿ ಬಂತು, ಟೀಮ್‌ಗೆ ಹೇಳಿದೆ, ಎಲ್ಲರೂ ಬಳಸೋಕೆ ಶುರು ಮಾಡಿದ್ರು.

ಎರಡು ವಾರ ಆದ್ಮೇಲೆ ಒಂದು ರಾತ್ರಿ ಅಲರ್ಟ್ ಬಂತು, ಒಂದು ಬ್ಯಾಂಕಿನ ಟ್ರಾನ್ಸಾಕ್ಷನ್‌ಗಳು ಸಿಕ್ಕಾಪಟ್ಟೆ ಫೇಲ್ ಅಂತ. ಅವತ್ತು ಆನ್‌ಕಾಲ್ ನಾನೇ. ಲೆಕ್ಕ ತೆಗೆದು ಆ ಬ್ಯಾಂಕಿನವರಿಗೆ ಮೇಲ್ ಹಾಕಿ, ಫೋನೂ ಮಾಡಿ ಅವರ ಕಡೆಯ ಇಂಜಿನಿಯರ್‌ನ ರಾತ್ರಿ ಎರಡು ಗಂಟೆಗೆ ಎಬ್ಬಿಸಿದೆ. ಪಾಪ ಆತ ಒಂದು ಗಂಟೆ ಹುಡುಕಿ, ಸಾರ್ ನಮ್ಮಲ್ಲಿ ಬೆರಳೆಣಿಕೆಯಷ್ಟು ಬಿಟ್ರೆ ಏನೂ ಇಲ್ಲ ಅಂದ್ರು. ಅವರು ಹೇಳಿದ್ದೇ ನಿಜ. ನಾನು ಬರೆದ ಸರ್ಚ್‌ನಲ್ಲಿ ‘ವೇರ್’ (ಕಂಡೀಷನ್ ಹಾಕಿ ಸೋಸೋ ಕಮಾಂಡ್) ಆದ್ಮೇಲೆ ‘ಟಿಡಿ_ಫೇಲ್’ ಮ್ಯಾಕ್ರೋ, ಆಮೇಲೆ ‘ಆಂಡ್’ (AND, ಅಂದ್ರೆ ಎರಡೂ ಆಗಿರಬೇಕು) ಬ್ಯಾಂಕ್ ಇಂಥದ್ದು ಅಂತ ಇತ್ತು. ನಾನು ಅಂದ್ಕೊಂಡಿದ್ದು ಮ್ಯಾಕ್ರೋ ಒಂದು ಡಬ್ಬಿ, ಅದರೊಳಗಿನದು ಒಂದೇ ಉತ್ತರವಾಗಿ ಹೊರಗೆ ಬರುತ್ತೆ ಅಂತ. ಹಾಗಲ್ಲ. ಮ್ಯಾಕ್ರೋ ಬರೀ ಅಕ್ಷರ, ಅದು ಇದ್ದ ಹಾಗೇ ಅಲ್ಲಿ ಅಂಟಿಕೊಳ್ಳುತ್ತೆ, ಆಮೇಲೆ ಪೂರ್ತಿ ಸಾಲನ್ನ ಸ್ಪ್ಲಂಕ್ ಓದುತ್ತೆ. ‘ವೇರ್’ನಲ್ಲಿ ‘ಆಂಡ್’ ಮೊದಲು, ‘ಆರ್’ ಆಮೇಲೆ. ಹಾಗಾಗಿ ಅದಕ್ಕೆ ಅರ್ಥವಾಗಿದ್ದು: ಟೆಕ್ನಿಕಲ್ ಕೋಡ್ ಬಂದಿರೋದು ಯಾವ ಬ್ಯಾಂಕಾದ್ರೂ ಪರವಾಗಿಲ್ಲ, ಇಲ್ಲಾಂದ್ರೆ ಈ ಬ್ಯಾಂಕಿನಲ್ಲಿ ಲೇಟ್ ಆಗಿರೋದು. ಎಲ್ಲ ಬ್ಯಾಂಕಿನ ಫೇಲನ್ನೂ ಒಬ್ಬರ ತಲೆಗೆ ಕಟ್ಟಿದ್ದೆ. ಬೆಳಗ್ಗೆ ಆ ಇಂಜಿನಿಯರ್‌ಗೆ ನಾನೇ ಫೋನ್ ಮಾಡಿ ತಪ್ಪು ನಂದು ಅಂತ ಕ್ಷಮೆ ಕೇಳಿದೆ.

ಸರಿ ಮಾಡಿದ್ದು ಎರಡು ಬ್ರಾಕೆಟ್‌ನಿಂದ. ಡೆಫಿನಿಷನ್ ಶುರುವಲ್ಲಿ ಒಂದು, ಕೊನೆಗೆ ಒಂದು. ಇನ್ನೊಂದು ವಿಷಯ ಇದೆ, ಇದು ನನಗೆ ಆಮೇಲೆ ಗೊತ್ತಾಗಿದ್ದು: ಪೈಪ್‌ಗೂ (ಒಂದು ಕಮಾಂಡ್‌ನಿಂದ ಇನ್ನೊಂದಕ್ಕೆ ದಾಟಿಸೋ | ಗುರುತು) ಮುಂಚೆ ಬರೋ ಮಾಮೂಲಿ ‘ಸರ್ಚ್’ನಲ್ಲಿ ಲೆಕ್ಕ ಉಲ್ಟಾ, ಅಲ್ಲಿ ‘ಆರ್’ ಮೊದಲು ಆಗುತ್ತೆ, ‘ಆಂಡ್’ ಆಮೇಲೆ. ನಾನು ಚೆಕ್ ಮಾಡಿದ್ದು ಅಲ್ಲಿ, ಬಳಸಿದ್ದು ‘ವೇರ್’ನಲ್ಲಿ, ಅದಕ್ಕೇ ಚೆಕ್ ಮಾಡಿದಾಗ ಎಲ್ಲ ಸರಿಯಾಗೇ ಕಂಡಿತ್ತು. ‘ಆರ್’ ಇರೋ ಯಾವ ಮ್ಯಾಕ್ರೋ ಆದ್ರೂ ಬ್ರಾಕೆಟ್ ಹಾಕದೆ ನಮ್ಮಲ್ಲಿ ಈಗ ರಿವ್ಯೂ ಪಾಸ್ ಆಗಲ್ಲ.

ಈ ತಪ್ಪನ್ನ ಐದು ಸೆಕೆಂಡ್‌ನಲ್ಲಿ ಹಿಡೀಬಹುದಿತ್ತು ಅಂತ ತೋರಿಸಿದ್ದು ನಮ್ಮ ಟೀಮ್‌ಗೆ ಆಗಷ್ಟೇ ಸೇರಿದ್ದ ಹಾಸನದ ಹುಡುಗಿ. ಸರ್ಚ್ ಬಾರ್‌ನಲ್ಲಿ ಕರ್ಸರ್ ಇಟ್ಟು ಕಂಟ್ರೋಲ್ ಶಿಫ್ಟ್ ಇ ಒತ್ತಿದ್ರೆ, ಮ್ಯಾಕ್‌ನಲ್ಲಾದ್ರೆ ಕಮಾಂಡ್ ಶಿಫ್ಟ್ ಇ, ಎಲ್ಲ ಮ್ಯಾಕ್ರೋ ಬಿಚ್ಚಿಕೊಂಡು ಪೂರ್ತಿ ಸರ್ಚ್ ಕಾಣುತ್ತೆ. ಅಣ್ಣಾ ಇದನ್ನ ಒತ್ತಿ ನೋಡಿ ಅಂದ್ಳು, ಒತ್ತಿದೆ, ಬ್ರಾಕೆಟ್ ಇಲ್ಲದ ‘ಆರ್’ ಕಣ್ಣಿಗೆ ಹೊಡೀತು. ಈಗ ಯಾವ ಅಲರ್ಟ್ ಸೇವ್ ಮಾಡೋ ಮುಂಚೆನೂ ಅದನ್ನ ಒತ್ತದೆ ಬಿಡಲ್ಲ.

ಆಮೇಲೆ ಆರ್ಗ್ಯುಮೆಂಟ್ (ಬಳಸುವಾಗ ಮ್ಯಾಕ್ರೋಗೆ ಹೊರಗಿಂದ ಕೊಡೋ ಬೆಲೆ) ಕಡೆಗೆ ಹೋದ್ವಿ. ನಿಧಾನ ಆಗಿರೋದನ್ನ ಹುಡುಕೋ ಮ್ಯಾಕ್ರೋಗೆ ಎಷ್ಟು ನಿಧಾನ ಅನ್ನೋದನ್ನ ಬಳಸೋರೇ ಕೊಡಲಿ ಅಂತ. ಹೆಸರಿನ ಪಕ್ಕ ಬ್ರಾಕೆಟ್‌ನಲ್ಲಿ ಎಷ್ಟು ಆರ್ಗ್ಯುಮೆಂಟ್ ಅಂತ ಸಂಖ್ಯೆ ಹಾಕ್ಬೇಕು, ‘ನಿಧಾನ(1)’ ಅಂತ, ಡೆಫಿನಿಷನ್ ಒಳಗೆ ಆ ಆರ್ಗ್ಯುಮೆಂಟ್ ಹೆಸರನ್ನ ಎರಡು ಡಾಲರ್ ಚಿಹ್ನೆ ಮಧ್ಯೆ ಬರೀಬೇಕು. ಒಬ್ಬರು ಸೆಕೆಂಡ್ ಅಂದ್ಕೊಂಡು 5 ಅಂತ ಕೊಟ್ರು, ಮ್ಯಾಕ್ರೋ ಅದನ್ನ 5 ಮಿಲಿಸೆಕೆಂಡ್ ಅಂತ ತಗೊಂಡು ಊರಲ್ಲಿರೋ ಟ್ರಾನ್ಸಾಕ್ಷನ್ ಎಲ್ಲ ನಿಧಾನ ಅಂತ ತೋರಿಸ್ತು. ಅದಕ್ಕೆ ವ್ಯಾಲಿಡೇಷನ್ ಅಂತ ಒಂದು ಜಾಗ ಇದೆ, ಅಲ್ಲಿ ‘ಈಸ್‌ನಮ್’ (ಕೊಟ್ಟಿದ್ದು ಸಂಖ್ಯೆನಾ ಅಂತ ನೋಡೋದು) ಹಾಕಿ, ಜೊತೆಗೆ 100ಕ್ಕಿಂತ ಕಮ್ಮಿ ಇರಬಾರದು ಅಂತನೂ ಸೇರಿಸಿದೆ, ಎರರ್ ಮೆಸೇಜ್‌ನಲ್ಲಿ ‘ಮಿಲಿಸೆಕೆಂಡ್‌ನಲ್ಲಿ ಕೊಡಿ, 5 ಸೆಕೆಂಡ್ ಅಂದ್ರೆ 5000’ ಅಂತ ಬರೆದೆ. ಆಮೇಲೆ ಯಾರೂ ಬಂದು ಕೇಳಿಲ್ಲ.

ಸಣ್ಣ ಪುಟ್ಟ ತೊಂದರೆಗಳೂ ಇದ್ವು. ಮ್ಯಾಕ್ರೋ ಮಾಡಿದಾಗ ಅದು ಪ್ರೈವೇಟ್ ಆಗಿರುತ್ತೆ, ಪರ್ಮಿಷನ್ ಕೊಡದೆ ಬಿಟ್ರೆ ನನಗೆ ಓಡುತ್ತೆ, ಪಕ್ಕದವರಿಗೆ ಮ್ಯಾಕ್ರೋನೇ ಸಿಗ್ತಿಲ್ಲ ಅನ್ನುತ್ತೆ. ವಾಟ್ಸಾಪ್‌ನಲ್ಲಿ ಸರ್ಚ್ ಕಳಿಸಿದ್ರೆ ಬ್ಯಾಕ್‌ಟಿಕ್ ಮಾಯ ಆಗುತ್ತೆ, ಯಾಕಂದ್ರೆ ಅಲ್ಲಿ ಅದು ಕೋಡ್ ಫಾರ್ಮ್ಯಾಟಿಂಗ್ ಗುರುತು. ಇನ್ನು ಕೆಲವರು ಬ್ಯಾಕ್‌ಟಿಕ್ ಬದಲು ಮಾಮೂಲಿ ಸಿಂಗಲ್ ಕೋಟ್ ಹಾಕ್ತಾರೆ, ಎಸ್ಕೇಪ್ ಕೀ ಕೆಳಗಿರೋದನ್ನ ಒತ್ತಿ ಅಂತ ಹೇಳ್ಬೇಕಾಗುತ್ತೆ.

‘ಪೇ_ಲಾಗ್’ನ ಬೆಲೆ ಗೊತ್ತಾಗಿದ್ದು ಇಂಡೆಕ್ಸ್ ಹೆಸರು ಬದಲಾದಾಗ. ಹಿಂದೊಮ್ಮೆ ಹೀಗೇ ಬದಲಾದಾಗ ಒಂದೊಂದೇ ಅಲರ್ಟ್ ತೆಗೆದು ಕೈಯಲ್ಲಿ ತಿದ್ದಿದ್ವಿ, ಎರಡು ಬಿಟ್ಟುಹೋಗಿತ್ತು. ಇಲ್ಲದ ಇಂಡೆಕ್ಸ್‌ನಲ್ಲಿ ಹುಡುಕಿದ್ರೆ ಎಷ್ಟು ಸಿಗುತ್ತೆ, ಸೊನ್ನೆ, ಸೊನ್ನೆ ಬಂದ್ರೆ ಅಲರ್ಟ್ ಕೂಗಲ್ಲ, ಕೂಗಿಲ್ಲ ಅಂದ್ರೆ ಎಲ್ಲ ಚೆನ್ನಾಗಿದೆ ಅಂತ ನಾವು ನೆಮ್ಮದಿಯಾಗಿ ಕೂತಿದ್ವಿ, ಹನ್ನೊಂದು ದಿನ. ಈ ಸಲ ಒಂದು ಸಾಲು ತಿದ್ದಿದೆ, ಎಲ್ಲ ಅಲರ್ಟೂ ಹೊಸ ಕಡೆ ನೋಡೋಕೆ ಶುರು ಮಾಡಿದ್ವು.

ಆದ್ರೆ ಇದೇ ಭಯನೂ ಹೌದು, ಪುಡಿಯಲ್ಲಿ ಖಾರ ಜಾಸ್ತಿ ಆದ್ರೆ ಮೂರು ತಿಂಗಳ ಸಾರೂ ಖಾರನೇ. ಮ್ಯಾಕ್ರೋ ಓಡೋದು ಸರ್ಚ್ ಮಾಡೋ ಹೊತ್ತಿಗೆ, ಹಾಗಾಗಿ ಇವತ್ತು ಡೆಫಿನಿಷನ್ ತಿದ್ದಿದ್ರೆ ಹೋದ ತಿಂಗಳ ಗ್ರಾಫನ್ನ ಮತ್ತೆ ತೆಗೆದಾಗ ಅದೂ ಬದಲಾಗಿರುತ್ತೆ, ಮ್ಯಾನೇಜರ್ ಹಳೇ ಪಿಪಿಟಿ ಹಿಡ್ಕೊಂಡು ಬಂದು ಯಾಕೆ ತಾಳೆ ಆಗ್ತಿಲ್ಲ ಅಂತ ಕೇಳ್ತಾರೆ. ಅದಕ್ಕೆ ಮ್ಯಾಕ್ರೋಗಳ ಫೈಲನ್ನ ಗಿಟ್‌ಗೆ (ಯಾರು ಯಾವಾಗ ಏನು ತಿದ್ದಿದ್ರು ಅಂತ ಇಡೋ ಟೂಲ್) ಹಾಕಿದೀವಿ, ಇನ್ನೊಬ್ಬರು ಓದದೆ ತಿದ್ದೋ ಹಾಗಿಲ್ಲ, ಅರ್ಥನೇ ಬದಲಾಗೋದಾದ್ರೆ ಹಳೇದನ್ನ ಮುಟ್ಟದೆ ಹೆಸರಿನ ಕೊನೆಗೆ 2 ಸೇರಿಸಿ ಹೊಸದು ಮಾಡ್ತೀವಿ. ಅಳಿಸೋ ಮುಂಚೆ ‘ರೆಸ್ಟ್’ ಕಮಾಂಡ್‌ನಿಂದ ಸೇವ್ ಆಗಿರೋ ಸರ್ಚ್‌ಗಳನ್ನೆಲ್ಲ ತೆಗೆದು ಯಾವುದರಲ್ಲಿ ಈ ಹೆಸರಿದೆ ಅಂತ ನೋಡ್ತೀವಿ.

ಸಪೋರ್ಟ್ ಟೀಮ್ ಜೊತೆ ಕೂತು ‘ಬಿಡಿ_ಫೇಲ್’ (ಬಿಸಿನೆಸ್ ಡಿಕ್ಲೈನ್) ಅಂತ ಅವರದ್ದೂ ಒಂದು ಮಾಡಿದ್ವಿ, ಎರಡೂ ಟೀಮ್ ಡ್ಯಾಶ್‌ಬೋರ್ಡ್‌ನಲ್ಲಿ ಈಗ ಎರಡೂ ಸಾಲು ಬೇರೆ ಬೇರೆ ಕಾಣುತ್ತೆ. ಒಂದು ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ: ಕಳಿಸಿದವರ ಅಕೌಂಟ್‌ನಿಂದ ದುಡ್ಡು ಹೋಗಿದೆ, ಪಡೆಯೋ ಬ್ಯಾಂಕಿಂದ ಉತ್ತರ ಬಂದಿಲ್ಲ, ಡೀಮ್ಡ್ ಅಂತಾರೆ ಅದಕ್ಕೆ. ಅದು ಫೇಲಾ ಅಲ್ವಾ? ಗುರುವಾರ ಅದಕ್ಕೇ ಮತ್ತೆ ಕೂರ್ತಿದೀವಿ. ಅಲ್ಲಿವರೆಗೆ ಅದು ಎರಡೂ ಮ್ಯಾಕ್ರೋದಲ್ಲಿ ಇಲ್ಲ, ಇಲ್ಲ ಅಂತ ಎರಡೂ ಡ್ಯಾಶ್‌ಬೋರ್ಡ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದೀನಿ.